ದಂತ ವೈದ್ಯಕೀಯ ಕಾಲೇಜು ಆಯ್ಕೆ: ಎಂಟು ವರ್ಷಗಳ ಲೆಕ್ಕ ಹಾಕಿ

ನೀಟ್ ಫಲಿತಾಂಶ ಹೊರಬಿದ್ದು ಎಂಬಿಬಿಎಸ್ ಸೀಟು ಕೈತಪ್ಪಿದಾಗ ಅನೇಕ ಕುಟುಂಬಗಳು ದಂತ ವೈದ್ಯಕೀಯದತ್ತ ಹೊರಳುತ್ತವೆ. ಕಾಲೇಜಿನ ಹೆಸರು ಮತ್ತು ಮೊದಲ ವರ್ಷದ ಶುಲ್ಕ, ಇವೆರಡನ್ನೇ ನೋಡಿ ಅವಸರದಲ್ಲಿ ತೀರ್ಮಾನ ಕೈಗೊಳ್ಳುವವರೇ ಹೆಚ್ಚು. ಆದರೆ ತಜ್ಞ ದಂತವೈದ್ಯರಾಗಲು ನಾಲ್ಕು ವರ್ಷಗಳ ಬಿಡಿಎಸ್, ಒಂದು ವರ್ಷದ ಇಂಟರ್ನ್‌ಶಿಪ್ ಹಾಗೂ ಮೂರು ವರ್ಷಗಳ ಎಂಡಿಎಸ್, ಹೀಗೆ ಒಟ್ಟು ಎಂಟು ವರ್ಷಗಳು ಬೇಕು. ಖರ್ಚಿನ ಲೆಕ್ಕವನ್ನೂ ಅಷ್ಟು ಅವಧಿಗೆ ಹಾಕುವುದು ಒಳಿತು.

ಸೀಟುಗಳ ಬಗೆ

ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಬಳ್ಳಾರಿಯಲ್ಲೂ ಸರ್ಕಾರಿ ಕಾಲೇಜಿದೆ. ಶುಲ್ಕ ಅತಿ ಕಡಿಮೆ ಇರುವುದು ಇಲ್ಲಿಯೇ. ಖಾಸಗಿ ಕಾಲೇಜುಗಳಲ್ಲಿ ಸರ್ಕಾರಿ ಕೋಟಾ, ಖಾಸಗಿ ಕೋಟಾ, ಎನ್‌ಆರ್‌ಐ ಕೋಟಾ ಎಂಬ ವಿಂಗಡಣೆಯಿದ್ದು, ಒಂದೇ ತರಗತಿಯಲ್ಲಿ ಕುಳಿತವರ ಶುಲ್ಕದಲ್ಲಿ ಹಲವು ಪಟ್ಟು ವ್ಯತ್ಯಾಸವಿರುತ್ತದೆ. ಈ ಸೀಟುಗಳ ಹಂಚಿಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುತ್ತದೆ. ಮಣಿಪಾಲದಂತಹ ಡೀಮ್ಡ್ ವಿಶ್ವವಿದ್ಯಾಲಯಗಳ ಸೀಟುಗಳಿಗೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿಯಲ್ಲಿ ಪ್ರತ್ಯೇಕವಾಗಿ ನೋಂದಾಯಿಸಬೇಕು.

ಸಾಲದ ಹೊರೆ

ವರ್ಷಕ್ಕೆ 6 ಲಕ್ಷ ರೂ. ಶುಲ್ಕ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ನಾಲ್ಕು ವರ್ಷಕ್ಕೆ 24 ಲಕ್ಷ ರೂ. ಆಯಿತು. ಅಷ್ಟನ್ನೂ ಪ್ರತಿ ವರ್ಷದ ಆರಂಭದಲ್ಲಿ ಶೇ. 10ರ ಸರಳ ಬಡ್ಡಿಗೆ ಸಾಲ ಪಡೆದು ತುಂಬಿದರೆ, ಇಂಟರ್ನ್‌ಶಿಪ್ ಮುಗಿಯುವ ಹೊತ್ತಿಗೆ ಬಡ್ಡಿಯೇ 8.4 ಲಕ್ಷ ರೂ. ಆಗಿ, ಒಟ್ಟು ಬಾಕಿ 32.4 ಲಕ್ಷ ರೂ. ತಲುಪುತ್ತದೆ. ಹಾಸ್ಟೆಲ್, ಪರೀಕ್ಷಾ ಶುಲ್ಕ, ಟೈಪೋಡಾಂಟ್, ಹ್ಯಾಂಡ್‌ಪೀಸ್ ಮುಂತಾದ ಉಪಕರಣಗಳ ಖರ್ಚು ಇದರಲ್ಲಿ ಸೇರಿಲ್ಲ. ಶುಲ್ಕವನ್ನು ನಾಲ್ಕು ಕಂತುಗಳಲ್ಲಿ ಪಡೆಯುವರೋ ಐದರಲ್ಲೋ, ನಡುವೆ ಸೀಟು ಬಿಟ್ಟರೆ ಎಷ್ಟು ದಂಡ, ಇಂಟರ್ನ್‌ಶಿಪ್‌ನಲ್ಲಿ ಸ್ಟೈಪೆಂಡ್ ಎಷ್ಟು ಎಂಬುದನ್ನು ಪ್ರವೇಶಕ್ಕೆ ಮುನ್ನವೇ ಲಿಖಿತವಾಗಿ ಪಡೆಯಬೇಕು.

ಹೆಸರಿಗಿಂತ ರ‍್ಯಾಂಕ್ ಮುಖ್ಯ

ಎಂಡಿಎಸ್ ಪ್ರವೇಶಕ್ಕೆ 2017ನೇ ಸಾಲಿನಿಂದ ನೀಟ್-ಎಂಡಿಎಸ್ ರ‍್ಯಾಂಕ್ ಆಧಾರವಾಗಿದೆ. ಬಿಡಿಎಸ್ ಓದಿದ ಕಾಲೇಜಿನ ಪ್ರತಿಷ್ಠೆಗೆ ಅಲ್ಲಿ ಅಂಕಗಳಿಲ್ಲ. ಸಂಸತ್ತು 2023ರಲ್ಲಿ ಅಂಗೀಕರಿಸಿದ ರಾಷ್ಟ್ರೀಯ ದಂತ ಆಯೋಗ ಕಾಯ್ದೆಯಲ್ಲಿಯೂ ಸ್ನಾತಕೋತ್ತರ ಪ್ರವೇಶಕ್ಕೆ ರಾಷ್ಟ್ರಮಟ್ಟದ ನಿರ್ಗಮನ ಪರೀಕ್ಷೆಯನ್ನು ಆಧಾರವಾಗಿಸುವ ಅವಕಾಶವಿದೆ. ಆದ್ದರಿಂದ ಹೆಸರಿಗಾಗಿ ಬಿಡಿಎಸ್‌ನಲ್ಲೇ ಕೈ ಬರಿದು ಮಾಡಿಕೊಂಡರೆ, ಎಂಡಿಎಸ್ ಸೀಟು ಎದುರು ಬಂದಾಗ ಹಣವಿಲ್ಲದ ಸ್ಥಿತಿ ಒದಗಬಹುದು.

ಯಾವ ವಿಭಾಗ?

ಎಂಡಿಎಸ್‌ನಲ್ಲಿ ಒಂಬತ್ತು ವಿಭಾಗಗಳಿವೆ. ವಕ್ರದಂತ ಸರಿಪಡಿಸುವ ಆರ್ಥೊಡಾಂಟಿಕ್ಸ್, ಬೇರುನಾಳ ಚಿಕಿತ್ಸೆ ಒಳಗೊಂಡ ಕನ್ಸರ್ವೇಟಿವ್ ಡೆಂಟಿಸ್ಟ್ರಿ, ಕೃತಕ ದಂತಗಳ ಪ್ರಾಸ್ತೊಡಾಂಟಿಕ್ಸ್ ಹಾಗೂ ಬಾಯಿ-ದವಡೆ ಶಸ್ತ್ರಚಿಕಿತ್ಸೆ, ಈ ನಾಲ್ಕಕ್ಕೆ ಖಾಸಗಿ ವೃತ್ತಿಯಲ್ಲಿ ಬೇಡಿಕೆ ಹೆಚ್ಚು. ವಸಡಿನ ಚಿಕಿತ್ಸೆ ಮತ್ತು ಮಕ್ಕಳ ದಂತ ಚಿಕಿತ್ಸೆಗೂ ನಗರಗಳಲ್ಲಿ ಅವಕಾಶವಿದೆ. ಓರಲ್ ಮೆಡಿಸಿನ್ ಮತ್ತು ರೇಡಿಯಾಲಜಿ ಓದಿದವರು ರೋಗಪತ್ತೆ ಕೇಂದ್ರಗಳತ್ತಲೂ ಸಾಗಬಹುದು. ಓರಲ್ ಪೆಥಾಲಜಿ ಮತ್ತು ಸಾರ್ವಜನಿಕ ದಂತ ಆರೋಗ್ಯ ವಿಭಾಗಗಳವರು ಬಹುತೇಕ ಬೋಧಕ ಹುದ್ದೆಗಳನ್ನೇ ಅವಲಂಬಿಸಬೇಕು. ಆಸಕ್ತಿಯಿದ್ದವರಿಗೆ ಇವೂ ಉತ್ತಮವೇ. ಆದರೆ ಕೇವಲ ಪದವಿಗಾಗಿ ದುಬಾರಿ ಸೀಟು ಪಡೆಯುವುದು ಜಾಣತನವಲ್ಲ.

ಖುದ್ದಾಗಿ ನೋಡಿ

ದಂತವೈದ್ಯರ ಕೈ ಪಳಗುವುದು ರೋಗಿಗಳಿಂದ. ಕೆಲಸದ ದಿನ ಬೆಳಿಗ್ಗೆ ಕಾಲೇಜಿಗೆ ಭೇಟಿ ನೀಡಿ ಹೊರರೋಗಿ ವಿಭಾಗದಲ್ಲಿ ಎಷ್ಟು ಜನರಿದ್ದಾರೆ, ಎಷ್ಟು ಡೆಂಟಲ್ ಚೇರ್‌ಗಳು ಬಳಕೆಯಲ್ಲಿವೆ ಎಂಬುದನ್ನು ಗಮನಿಸಿ. ಅಂತಿಮ ವರ್ಷದವರು ಮತ್ತು ಇಂಟರ್ನಿಗಳು ಎಷ್ಟು ಹಲ್ಲು ಕಿತ್ತಿದ್ದಾರೆ, ಬೇರುನಾಳ ಚಿಕಿತ್ಸೆಯನ್ನು ಸ್ವತಃ ಮಾಡಿದ್ದಾರೆಯೇ ಎಂದು ಕೇಳಿ. ಎಂಡಿಎಸ್ ವಿದ್ಯಾರ್ಥಿಗಳಿರುವ ಕಾಲೇಜಿನಲ್ಲಿ ಮಾರ್ಗದರ್ಶನ ಹೆಚ್ಚು ದೊರೆತರೂ ಕ್ಲಿಷ್ಟ ಚಿಕಿತ್ಸೆಗಳು ಅವರ ಪಾಲಾಗುವುದುಂಟು.

ಶುಲ್ಕ ಕಡಿಮೆಯಿದ್ದು ರೋಗಿಗಳು ಹೆಚ್ಚಾಗಿ ಬರುವ ಮಾನ್ಯತೆ ಪಡೆದ ಕಾಲೇಜು ದೊರೆತರೆ ಊರು ದೂರವೆಂದು ಬಿಡಬೇಡಿ. ಉಳಿದ ಹಣ ಮುಂದೆ ಎಂಡಿಎಸ್‌ಗೋ ಸ್ವಂತ ಕ್ಲಿನಿಕ್‌ನ ಮೊದಲ ಚೇರ್‌ಗೋ ಒದಗುತ್ತದೆ.