ಸೇಂಟ್ ಮೇರಿಸ್ ದ್ವೀಪ, ಮಲ್ಪೆ

ಉಡುಪಿ ಜಿಲ್ಲೆಯ ಮಲ್ಪೆ ಬಂದರಿನಿಂದ ಸುಮಾರು 6 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದಲ್ಲಿ ಕರಾವಳಿಗೆ ಸಮಾನಾಂತರವಾಗಿ ಉತ್ತರ-ದಕ್ಷಿಣವಾಗಿ ಹರಡಿರುವ ಕಿರುದ್ವೀಪಗಳ ಸಮೂಹವನ್ನು ಸೇಂಟ್ ಮೇರಿಸ್ ದ್ವೀಪಗಳು ಎಂದು ಕರೆಯಲಾಗುತ್ತದೆ. ತೋನ್ಸೆಪಾರ್ ಎಂಬುದು ಸ್ಥಳೀಯ ಹೆಸರು. ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹದ್ದೂರ್‌ಗಡ ಹಾಗೂ ದಕ್ಷಿಣ ದ್ವೀಪ ಇವುಗಳಲ್ಲಿ ಪ್ರಮುಖವಾದವು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮೇರಿ ಮಾತೆಯ ಹೆಸರನ್ನಿಟ್ಟನೆಂಬ ಪ್ರತೀತಿಯಿದೆ.

ಪ್ರವಾಸಿಗರು ಸಂದರ್ಶಿಸುವುದು ತೆಂಗಿನ ದ್ವೀಪವನ್ನು. ಸುಮಾರು 500 ಮೀಟರ್ ಉದ್ದ, 100 ಮೀಟರ್ ಅಗಲವಿರುವ ಈ ದ್ವೀಪದ ಅತಿ ಎತ್ತರದ ಭಾಗವೂ ಸಮುದ್ರಮಟ್ಟದಿಂದ ಸುಮಾರು 10 ಮೀಟರ್ ಮಾತ್ರ. ಜನವಸತಿ ಇಲ್ಲ. ಇಷ್ಟು ಚಿಕ್ಕ ಸ್ಥಳವನ್ನು ಸುತ್ತಿ ಬರಲು ಹೆಚ್ಚು ಹೊತ್ತು ಬೇಕಾಗದಿದ್ದರೂ ಅವಸರದಿಂದ ನೋಡಿ ಮುಗಿಸತಕ್ಕ ಸ್ಥಳ ಇದಲ್ಲ.

ದ್ವೀಪದ ವೈಶಿಷ್ಟ್ಯವಿರುವುದು ಅದರ ಕಲ್ಲಿನಲ್ಲಿ. ಐದು, ಆರು, ಏಳು ಮುಖಗಳುಳ್ಳ ಶಿಲಾಸ್ತಂಭಗಳು ಕೈಯಿಂದ ಕಡೆದು ಜೋಡಿಸಿದಂತೆ ಒತ್ತಾಗಿ ನಿಂತಿವೆ. ಕೆಲವು ಸುಮಾರು 6 ಮೀಟರ್ ಎತ್ತರವಿವೆ. ಭೂಗರ್ಭದಿಂದ ಹೊರಚೆಲ್ಲಿದ ಲಾವಾರಸವು ನಿಧಾನವಾಗಿ ತಣಿಯುವಾಗ ಸಂಕುಚಿತಗೊಂಡು, ಮೇಲ್ಮೈಯಲ್ಲಿ ಮೂಡಿದ ಬಿರುಕುಗಳು ಒಳಭಾಗ ತಣಿದಂತೆಲ್ಲ ಕೆಳಕ್ಕಿಳಿದು ಈ ಕಂಬಗಳಾಗಿವೆ. ಒಣಗಿದ ಕೆರೆಯಂಗಳದ ಕೆಸರು ಬಿರಿಯುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಜನಬಳಕೆಯಲ್ಲಿ ಇದನ್ನು ಬಸಾಲ್ಟ್ ಎನ್ನುವುದುಂಟು. ಆದರೆ ಇದು ಸಿಲಿಕಾಂಶ ಹೆಚ್ಚಾಗಿರುವ ರಯೋಲೈಟ್ ವರ್ಗದ ಶಿಲೆ. ದಖನ್ ಪ್ರಸ್ಥಭೂಮಿಯ ಲಾವಾ ಪದರಗಳಿಗೆ ಸುಮಾರು 6.6 ಕೋಟಿ ವರ್ಷವಾದರೆ, ಈ ಶಿಲೆಗಳಿಗೆ ಸುಮಾರು 8.5ರಿಂದ 9 ಕೋಟಿ ವರ್ಷ. ಆ ಕಾಲದಲ್ಲಿ ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿತ್ತು. ಆ ಬೇರ್ಪಡೆಯ ಕುರುಹನ್ನು ಕಾಲ್ನಡಿಗೆಯಲ್ಲಿ ಹೋಗಿ ಮುಟ್ಟಬಹುದಾದ ಸ್ಥಳವಿದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಆದುದರಿಂದ ಕಲ್ಲುಗಳನ್ನು ಒಡೆಯುವುದು, ಅವುಗಳ ಮೇಲೆ ಹೆಸರು ಕೆತ್ತುವುದು ಸಲ್ಲದು.

ತೆಂಗಿನ ತೋಪಿನ ನೆರಳಿನಿಂದ ನಡಿಗೆಯನ್ನು ಆರಂಭಿಸುವುದು ಅನುಕೂಲಕರ. ದಂಡೆಯ ಒಂದು ಭಾಗದಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಬರಿಗಾಲಿನಲ್ಲಿ ನಡೆಯುವುದು ಕಷ್ಟ. ನೀರು ಇಳಿತದಲ್ಲಿರುವಾಗ ಬುಡದವರೆಗೂ ಕಂಬಗಳು ಕಾಣಸಿಗುತ್ತವೆ.

ಪಶ್ಚಿಮದ ಬದಿಯು ತೆರೆದ ಸಮುದ್ರಕ್ಕೆ ಮುಖಮಾಡಿದ್ದು, ಅಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಪಾಚಿ ಹಿಡಿದ ಕಲ್ಲುಗಳು ಒಣಗಿದಂತೆ ಕಂಡರೂ ಜಾರುತ್ತವೆ. ಶಾಂತವಾಗಿರುವ ಸಮುದ್ರದಲ್ಲಿಯೂ ಒಮ್ಮೆಗೇ ದೊಡ್ಡ ಅಲೆ ಬರುವುದುಂಟು. 2022ರ ಏಪ್ರಿಲ್ ತಿಂಗಳಿನಲ್ಲಿ ಪ್ರವಾಸಕ್ಕೆ ಬಂದಿದ್ದ ಕೇರಳದ ಮೂವರು ವಿದ್ಯಾರ್ಥಿಗಳು ಇಲ್ಲಿ ನೀರುಪಾಲಾದರು. ಅದು ಮಳೆಗಾಲವಲ್ಲ ಎಂಬುದನ್ನು ಗಮನಿಸಬೇಕು. ಛಾಯಾಚಿತ್ರಕ್ಕಾಗಿ ಅಂಚಿನ ಕಲ್ಲುಗಳನ್ನು ಏರಬಾರದು. ಕಾವಲು ಸಿಬ್ಬಂದಿಯ ಸೂಚನೆಯನ್ನು ಪಾಲಿಸತಕ್ಕದ್ದು.

ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಸಂಚಾರ ಇರುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ಭೇಟಿಗೆ ಸೂಕ್ತ. ಕುಡಿಯುವ ನೀರು, ಟೋಪಿ ಜೊತೆಗಿರಲಿ. ಕಸವನ್ನು ಮರಳಿ ದಡಕ್ಕೆ ತರತಕ್ಕದ್ದು. ಹಿಂದಿರುಗುವ ಕೊನೆಯ ದೋಣಿಯ ವೇಳೆಯನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು.

ತಲುಪುವ ಬಗೆ: ಕೊಂಕಣ ರೈಲು ಮಾರ್ಗದ ಉಡುಪಿ ನಿಲ್ದಾಣದಲ್ಲಿ ಇಳಿದು ರಸ್ತೆಯ ಮೂಲಕ ಮಲ್ಪೆಗೆ ಬರಬಹುದು. ಉಡುಪಿ ನಗರದಿಂದ ಮಲ್ಪೆಗೆ ಬಸ್ಸುಗಳಿವೆ. ಸಮೀಪದ ವಿಮಾನ ನಿಲ್ದಾಣ ಮಂಗಳೂರು.