ಬಟನ್ ಬಿಡಿ, ಒಂದು ಸೆಕೆಂಡ್ ತಡೀರಿ

ಇವತ್ತು ನನ್ನ ಮೇಲೆ ನಾನೇ ಒಂದು ದೂರು ಹೇಳಿಕೊಂಡು ಶುರು ಮಾಡ್ತೀನಿ.

ಒಂದು ರಾತ್ರಿ ನನ್ನ ಚರ್ಚೆಯಲ್ಲಿ ಆರು ಜನ ಇದ್ದರು. ಆರೂ ಜನ ಒಟ್ಟಿಗೆ ಮಾತಾಡಿದರು. ಏಳನೆಯವನು ನಾನು. ಎಲ್ಲರಿಗಿಂತ ಜೋರಾಗಿ ಕೂಗಿದೆ. ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ಳುವಾಗ ಮೊಬೈಲ್‌ಗೆ ಒಂದು ಮೆಸೇಜ್ ಬಂತು. "ಸ್ವಾಮಿ, ನಿಮ್ಮ ಈ ಚರ್ಚೆಯನ್ನ ನಮ್ಮ ರಿಪೀಟರ್ ಮೇಲೆ ಮಾಡಿ ನೋಡಿ. ಐದು ನಿಮಿಷಕ್ಕೆ ಎಲ್ಲರಿಗೂ ಬುದ್ಧಿ ಬರುತ್ತೆ." ಬೈಗುಳದ ಮೆಸೇಜುಗಳು ನಮಗೇನು ಹೊಸದಲ್ಲ. ಆದರೆ ಈ ರಿಪೀಟರ್ ಅಂದ್ರೆ ಏನು ಅನ್ನೋದು ಗೊತ್ತಾಗಲಿಲ್ಲ. ಫೋನ್ ಮಾಡಿದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಬೆಂಗಳೂರಿನ ಹಿರಿಯರೊಬ್ಬರು ಎತ್ತಿಕೊಂಡರು. ನಲವತ್ತು ವರ್ಷದ ಹ್ಯಾಮ್. ಹ್ಯಾಮ್ ಅಂದ್ರೆ ಸಂಬಳ, ಲಾಭ ಏನೂ ಇಲ್ಲದೆ, ಬರೀ ಹವ್ಯಾಸಕ್ಕೆ, ಸರ್ಕಾರದ ಲೈಸೆನ್ಸ್ ಪಡೆದು ವೈರ್‌ಲೆಸ್‌ನಲ್ಲಿ ಮಾತಾಡುವವರು.

ರಿಪೀಟರ್ ಏನು ಅಂತ ಅವರು ಹೇಳಿದ್ದನ್ನ ನನ್ನ ಮಾತಲ್ಲಿ ಹೇಳ್ತೀನಿ. ಕೈಯಲ್ಲಿ ಹಿಡಿಯುವ ವಾಕಿಟಾಕಿಯ ಶಕ್ತಿ ಸಾಮಾನ್ಯವಾಗಿ 5 ವ್ಯಾಟ್ ಆಸುಪಾಸು. ಊರೊಳಗೆ ನಾಲ್ಕು ಬಿಲ್ಡಿಂಗ್ ಅಡ್ಡ ಬಂದರೆ ಅದರ ಕಥೆ ಮುಗೀತು. ಅದಕ್ಕೆ ಎತ್ತರದ ಬೆಟ್ಟದ ಮೇಲೋ, ದೊಡ್ಡ ಕಟ್ಟಡದ ತುದಿಯಲ್ಲೋ ಒಂದು ಯಂತ್ರ ಇಡ್ತಾರೆ. ಅದು ನಿಮ್ಮ ಸಣ್ಣ ದನಿಯನ್ನ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿಕೊಂಡು, ಅದೇ ಕ್ಷಣ ಇನ್ನೊಂದು ಫ್ರೀಕ್ವೆನ್ಸಿಯಲ್ಲಿ ಜೋರಾಗಿ ಹೊರಗೆ ಹಾಕುತ್ತೆ. ನಮ್ಮಲ್ಲಿ ಹ್ಯಾಮ್‌ಗಳು ಹೆಚ್ಚಾಗಿ ಬಳಸುವ 144ರಿಂದ 146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಈ ಎರಡರ ನಡುವಿನ ಅಂತರ ಸಾಮಾನ್ಯವಾಗಿ 600 ಕಿಲೋಹರ್ಟ್ಸ್. ಮನೆ ಮಹಡಿಯಲ್ಲಿ ನಿಂತವನ ಮಾತು ಐವತ್ತು ಕಿಲೋಮೀಟರ್ ಆಚೆಗೂ ಮುಟ್ಟುತ್ತೆ ಅಂದ್ರೆ ಅದು ಆ ಬೆಟ್ಟದ ಪುಣ್ಯ.

ಆದರೆ ಒಂದು ಷರತ್ತಿದೆ. ಒಂದು ಸಲಕ್ಕೆ ಒಬ್ಬರು. ಇಬ್ಬರು ಒಟ್ಟಿಗೆ ಬಟನ್ ಒತ್ತಿದರೆ ಏನಾಗುತ್ತೆ ಗೊತ್ತಾ? ಇಬ್ಬರ ದನಿಯೂ ಸಮಬಲವಾಗಿದ್ದರೆ ಬರೀ ಕರ್ಕಶ ಸದ್ದು. ಒಬ್ಬರದು ಬಲವಾಗಿದ್ದರೆ ಅವರ ಮಾತು ಮಾತ್ರ ಕೇಳುತ್ತೆ, ಇನ್ನೊಬ್ಬರು ಮಾತಾಡಿದ್ದೇ ಗೊತ್ತಾಗಲ್ಲ. ಎಫ್‌ಎಂ ತಂತ್ರಜ್ಞಾನದ ಗುಣವೇ ಅದು. ಈಗ ಯೋಚನೆ ಮಾಡಿ. ಬಲವಾದ ದನಿ ಯಾರದು? ಮನೆಯಲ್ಲಿ ಆಂಟೆನಾ ಕಟ್ಟಿಕೊಂಡು ಕಾಫಿ ಕುಡೀತಾ ಹರಟೋನದು. ದುರ್ಬಲ ದನಿ ಯಾರದು? ಘಾಟಿಯಲ್ಲಿ ಗಾಡಿ ಉರುಳಿ, ಬ್ಯಾಟರಿ ಮುಗೀತಾ ಬಂದಿರೋನದು.

ಹ್ಯಾಮ್‌ಗಳ ಶಿಷ್ಟಾಚಾರವೆಲ್ಲ ಹುಟ್ಟಿದ್ದು ಈ ಒಂದು ತೊಂದರೆಯಿಂದ. ಮೊದಲು ಕೇಳಿಸಿಕೊ. ಯಾರೂ ಮಾತಾಡ್ತಿಲ್ಲ ಅಂತ ಖಾತ್ರಿ ಆದ ಮೇಲೆ ಬಟನ್ ಒತ್ತು. ಒತ್ತಿದ ಕೂಡಲೇ ಬಾಯಿ ತೆಗೀಬೇಡ, ಯಂತ್ರ ಎಚ್ಚರಗೊಳ್ಳೋಕೆ ಅರೆಕ್ಷಣ ಕೊಡು, ಇಲ್ಲದಿದ್ದರೆ "ನಮಸ್ಕಾರ" ಅಂದಿದ್ದು "ಸ್ಕಾರ" ಅಂತ ಕೇಳುತ್ತೆ. ನಿನ್ನ ಕಾಲ್‌ಸೈನ್ ಹೇಳು. ರಿಪೀಟರ್ ಇದೆಯಾ ಅಂತ ನೋಡೋಕೆ ಸುಮ್ಮನೆ ಬಟನ್ ಒತ್ತಿ ಬಿಡೋದು, ಕಾಲಿಂಗ್ ಬೆಲ್ ಒತ್ತಿ ಓಡಿಹೋಗುವ ಹುಡುಗರ ಕೆಲಸ. ಎಲ್ಲಕ್ಕಿಂತ ಮುಖ್ಯವಾದದ್ದು, ಒಬ್ಬರ ಮಾತು ಮುಗಿದ ಮೇಲೆ ಇನ್ನೊಬ್ಬರು ತಕ್ಷಣ ಹಾರಿ ಬೀಳಬಾರದು. ನಡುವೆ ಒಂದೆರಡು ಸೆಕೆಂಡ್ ಖಾಲಿ ಬಿಡಬೇಕು. ಆ ಖಾಲಿ ಜಾಗ ಕಷ್ಟದಲ್ಲಿರೋನಿಗೆ ಮೀಸಲು. ಅವನು ಬಂದರೆ ಉಳಿದವರೆಲ್ಲ ಗಪ್‌ಚುಪ್.

ಟಿವಿಯಲ್ಲಿ ಒಂದೆರಡು ಸೆಕೆಂಡ್ ಮೌನ ಆದರೆ ಏನಾಗುತ್ತೆ? ಪಿಸಿಆರ್‌ನಿಂದ ನನ್ನ ಕಿವಿಗೆ ಕೂಗು ಬರುತ್ತೆ!

ಈ ಶಿಸ್ತು ಆಕಾಶದಿಂದ ಉದುರಿದ್ದಲ್ಲ. ನಮ್ಮ ದೇಶದಲ್ಲಿ ಹವ್ಯಾಸಿ ರೇಡಿಯೋ ಕಥೆ ಶುರುವಾಗೋದು 1921ರ ಸುಮಾರಿಗೆ, ಅಮರೇಂದ್ರ ಚಂದ್ರ ಗೂಪ್ತು ಅವರಿಂದ. 1939ರಲ್ಲಿ ಎರಡನೇ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಎಲ್ಲ ಹ್ಯಾಮ್ ಲೈಸೆನ್ಸ್ ರದ್ದು ಮಾಡಿತು. ಹೆದರಿಕೆ! ಹೆದರಿಕೆಗೆ ಕಾರಣವೂ ಇತ್ತು ಅನ್ನೋದು 1942ರಲ್ಲಿ ಗೊತ್ತಾಯಿತು. ಆಗಸ್ಟ್ 27ರಂದು ಗುಪ್ತ ಜಾಗದಿಂದ 42.34 ಮೀಟರ್ ತರಂಗದಲ್ಲಿ ಕಾಂಗ್ರೆಸ್ ರೇಡಿಯೋ ಮಾತಾಡಿತು. ಮೈಕಿನ ಮುಂದೆ ಇದ್ದವರು ಇಪ್ಪತ್ತೆರಡು ವರ್ಷದ ಉಷಾ ಮೆಹ್ತಾ. ಹಿಂದೆ ಟ್ರಾನ್ಸ್‌ಮಿಟರ್ ಕಟ್ಟಿಕೊಟ್ಟವರಲ್ಲಿ ನರಿಮನ್ ಪ್ರಿಂಟರ್ ಥರದ ಹ್ಯಾಮ್‌ಗಳಿದ್ದರು. ಜಾಗ ಬದಲಿಸುತ್ತಾ ಬದಲಿಸುತ್ತಾ ನವೆಂಬರ್ 12ರವರೆಗೆ ನಡೆದು, ಅವತ್ತು ಪೊಲೀಸರ ಕೈಗೆ ಸಿಕ್ಕಿತು. ಉಷಾ ಅವರಿಗೆ ನಾಲ್ಕು ವರ್ಷ ಜೈಲು. ಒಂದು ಟ್ರಾನ್ಸ್‌ಮಿಟರ್ ಏನೆಲ್ಲ ಮಾಡಬಲ್ಲದು ಅಂತ ಗೊತ್ತಿರುವ ಸರ್ಕಾರಗಳು ಅದನ್ನ ಯಾರಿಗೂ ಸುಲಭವಾಗಿ ಕೊಡಲ್ಲ. ಸ್ವತಂತ್ರ ಭಾರತದಲ್ಲೂ ಅಷ್ಟೇ. ಪರೀಕ್ಷೆ ಬರೀಬೇಕು, ಪೊಲೀಸ್ ಪರಿಶೀಲನೆ ಆಗಬೇಕು, ದೆಹಲಿಯಿಂದ ಲೈಸೆನ್ಸ್ ಬರಬೇಕು. 1978ರ ನಿಯಮಾವಳಿಯಲ್ಲಿ ಒಂದು ಮಾತಿದೆ, ಓದಿ ನಕ್ಕುಬಿಟ್ಟೆ. ತಾಂತ್ರಿಕ ವಿಷಯ ಬಿಟ್ಟರೆ ಹ್ಯಾಮ್‌ಗಳು ಆಡಬಹುದಾದ ವೈಯಕ್ತಿಕ ಮಾತು, ಟೆಲಿಫೋನು ಟೆಲಿಗ್ರಾಫು ಬಳಸುವಷ್ಟು ಮಹತ್ವ ಇಲ್ಲದ್ದಾಗಿರಬೇಕಂತೆ! ಮುಖ್ಯವಲ್ಲದ್ದನ್ನೇ ಮಾತಾಡಿ ಅಂತ ಕಾನೂನೇ ಹೇಳುವ ಜಾಗ ಇನ್ನೆಲ್ಲಿದೆ?

ಇಷ್ಟೆಲ್ಲ ಕೇಳಿ ನನಗೂ ಹುಚ್ಚು ಹತ್ತಿತು. ಹಿರಿಯರೇ ಪಾಠ ಹೇಳಿದರು. ಕೆಳಗಿನ ದರ್ಜೆಯ ಪರೀಕ್ಷೆ ಬರೆದೆ, ಅದಕ್ಕೆ ಮೋರ್ಸ್ ಕೋಡ್ ಬೇಕಿಲ್ಲ. ತಿಂಗಳುಗಟ್ಟಲೆ ಕಾದ ಮೇಲೆ ಲೈಸೆನ್ಸ್ ಬಂತು. ಅಗ್ಗದ ಒಂದು ಕೈಸೆಟ್ಟು ತಂದೆ. ಅಲ್ಲಿಂದ ಶುರುವಾಯ್ತು ನೋಡಿ ನಿಜವಾದ ಪರೀಕ್ಷೆ.

ಹಿಂದೆ ರೇಡಿಯೋಗೆ ಒಂದು ಫ್ರೀಕ್ವೆನ್ಸಿ ಸೇರಿಸಬೇಕಂದ್ರೆ ಕ್ರಿಸ್ಟಲ್ ಕೊಳ್ಳಬೇಕಿತ್ತು. ಬೆರಳುಗುರಿನಷ್ಟು ಸಣ್ಣ ಕ್ವಾರ್ಟ್ಜ್ ಹರಳು. ಕೇಳೋಕೆ ಒಂದು, ಮಾತಾಡೋಕೆ ಒಂದು. ಅಮೆರಿಕದಲ್ಲಿ 1960ರ ದಶಕದಲ್ಲಿ ಪೊಲೀಸರು, ಟ್ಯಾಕ್ಸಿಯವರು ಬಿಸಾಡಿದ ಹಳೇ ಸೆಟ್ಟುಗಳನ್ನ ಹ್ಯಾಮ್‌ಗಳು ಕಡಿಮೆ ದುಡ್ಡಿಗೆ ಕೊಂಡು, ಹರಳು ಬದಲಿಸಿ ರಿಪೀಟರ್‌ಗೆ ಹಚ್ಚಿದರು. ಅಲ್ಲಿ ರಿಪೀಟರ್‌ಗಳು ಎಷ್ಟು ಹೆಚ್ಚಾದವಂದ್ರೆ 1972ರಲ್ಲಿ ಸರ್ಕಾರ ಅವುಗಳಿಗೇ ಪ್ರತ್ಯೇಕ ನಿಯಮ ತರಬೇಕಾಯಿತು. ಆಮೇಲೆ ಹರಳಿನ ಜಾಗಕ್ಕೆ ಚಿಪ್ ಬಂತು, ಚಿಪ್ಪಿಗೆ ನೆನಪಿನ ಶಕ್ತಿ ಬಂತು. ಇವತ್ತು ಎರಡು ಸಾವಿರ ರೂಪಾಯಿ ಆಸುಪಾಸಿನ ಚೀನಾ ಸೆಟ್ಟಿನಲ್ಲಿ 128 ಚಾನೆಲ್ ತುಂಬಬಹುದು. ಅದನ್ನ ತುಂಬೋಕೆ ಒಂದು ಕೇಬಲ್, ಒಂದು ಸಾಫ್ಟ್‌ವೇರ್. ಚಿರ್ಪ್ ಅನ್ನೋ ಉಚಿತ ತಂತ್ರಾಂಶ ಇದೆ, ಹ್ಯಾಮ್‌ಗಳೇ ಹ್ಯಾಮ್‌ಗಳಿಗಾಗಿ ಬರೆದದ್ದು. ಕೆಲಸ ಸುಲಭ ಅಲ್ವಾ?

ಸುಲಭವಾ? ನಾನು ಮೂರು ರಾತ್ರಿ ಕಳೆದೆ. ಕಂಪ್ಯೂಟರ್ ಹೇಳುತ್ತೆ, ರೇಡಿಯೋ ಉತ್ತರ ಕೊಡ್ತಿಲ್ಲ. ಕೇಬಲ್ ತೆಗೆದು ಹಾಕಿದೆ, ಕಂಪ್ಯೂಟರ್ ಆರಿಸಿ ಹಚ್ಚಿದೆ, ನಮ್ಮ ಚಾನೆಲ್ಲಿನ ಐಟಿ ಹುಡುಗನನ್ನ ಕರೆಸಿದೆ. ಅವನು ನೋಡಿ, "ಸಾರ್, ಕೇಬಲ್ ಒಳಗಿರೋ ಚಿಪ್ ಡೂಪ್ಲಿಕೇಟ್" ಅಂದ. ಈ ಡೂಪ್ಲಿಕೇಟ್ ಚಿಪ್ಪಿನದೂ ಒಂದು ಇತಿಹಾಸ. ಯುಎಸ್‌ಬಿ ಕೇಬಲ್ಲಿನ ಚಿಪ್ಪನ್ನ ನಕಲು ಮಾಡೋರ ಕಾಟ ತಡೆಯಲಾರದೆ ಎಫ್‌ಟಿಡಿಐ ಅನ್ನೋ ಕಂಪನಿ 2014ರಲ್ಲಿ ಹೊಸ ಡ್ರೈವರ್ ಬಿಟ್ಟಿತು. ಅದು ವಿಂಡೋಸ್ ಅಪ್‌ಡೇಟ್ ಜೊತೆ ಸದ್ದಿಲ್ಲದೆ ಬಂದು, ನಕಲಿ ಚಿಪ್ಪುಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿಬಿಡ್ತು. ರಾತ್ರೋರಾತ್ರಿ ಕೇಬಲ್ಲುಗಳು ಸತ್ತವು. ನಕಲಿ ಮಾಡಿದೋನು ಯಾರೋ, ಗೊತ್ತಿಲ್ಲದೆ ಕೊಂಡು ಕಳಕೊಂಡೋನು ಯಾರೋ. ಗಲಾಟೆಯಾದ ಮೇಲೆ ಆ ಡ್ರೈವರ್ ವಾಪಸ್ ಪಡೆದರು. ಇನ್ನೊಂದು ಜಾತಿಯ ಚಿಪ್ಪಿನ ನಕಲುಗಳು ಹೊಸ ಡ್ರೈವರ್ ಹಾಕಿದರೆ "ಕೋಡ್ 10" ಅಂತ ಮುಷ್ಕರ ಹೂಡ್ತವೆ. ಹಳೇ ಡ್ರೈವರ್ ಹುಡುಕಿ ಹಾಕಿದರೆ ಸುಮ್ಮನೆ ಕೆಲಸ ಮಾಡ್ತವೆ.

ಹಳೇ ಡ್ರೈವರ್ ಹಾಕಿದೆವು. ಆದರೂ ಇಲ್ಲ. ಕೊನೆಗೆ ಸೆಟ್ಟು, ಲ್ಯಾಪ್‌ಟಾಪು ಎರಡನ್ನೂ ಹೊತ್ತುಕೊಂಡು ಹಿರಿಯರ ಮನೆಗೆ ಹೋದೆ. ಅವರು ಕನ್ನಡಕ ಏರಿಸಿ, ಕೇಬಲ್ಲಿನ ಪಿನ್ನನ್ನ ರೇಡಿಯೋದೊಳಕ್ಕೆ ಹೆಬ್ಬೆರಳಲ್ಲಿ ಜೋರಾಗಿ ಒತ್ತಿದರು. ಟಕ್ ಅಂತು. "ಪೂರ್ತಿ ಕೂತಿರಲಿಲ್ಲ ಕಣ್ರೀ. ಎಲ್ಲರಿಗೂ ಹೀಗೇ ಆಗೋದು. ಮೊದಲು ರೇಡಿಯೋದಲ್ಲಿ ಇರೋದನ್ನ ಓದಿಸ್ಕೊಂಡು ಒಂದು ಕಾಪಿ ಇಟ್ಕೊಳ್ಳಿ, ಆಮೇಲೆ ಹೊಸದು ಬರೀರಿ. ಬೇರೆ ಸೆಟ್ಟಿನ ಫೈಲು ತುಂಬೋಕೆ ಹೋಗ್ಬೇಡಿ." ಅಷ್ಟು ಹೇಳಿ ಒಳಗೆ ಕಾಫಿಗೆ ಹೇಳಿದರು. ನಾನು ಅವಸರದಲ್ಲಿ ನಾನೇ ಚಾನೆಲ್ ತುಂಬಿಸಿಕೊಂಡು ಮನೆಗೆ ಬಂದೆ. ಆ ಅವಸರವೇ ನನಗೆ ಪಾಠ ಕಲಿಸ್ತು.

ಮರುದಿನ ಬೆಳಿಗ್ಗೆ ಸೆಟ್ಟು ಹಚ್ಚಿದರೆ ಎಲ್ಲರ ದನಿಯೂ ಸ್ಪಷ್ಟ. ನಾನು ಕರೆದೆ. ಯಾರೂ ಉತ್ತರ ಕೊಡಲಿಲ್ಲ. ಮತ್ತೆ ಕರೆದೆ. ಇಲ್ಲ. ಮರುದಿನವೂ ಇಲ್ಲ. ಒಂಬತ್ತು ದಿನ ಹೀಗೇ ಕಳೀತು! ದಿನಾ ಲಕ್ಷಾಂತರ ಜನಕ್ಕೆ ಕೇಳಿಸೋ ದನಿ ನನ್ನದು ಅಂತ ಬೀಗುತ್ತಿದ್ದೋನು, ಹತ್ತು ಹದಿನೈದು ಜನರ ಗುಂಪಿಗೆ ಕೇಳಿಸದೆ ಒದ್ದಾಡಿದೆ. ಮುನಿಸಿಕೊಂಡು ಯಾರನ್ನೂ ಕೇಳಲಿಲ್ಲ. ಬೇಕಂತಲೇ ಹೀಗೆ ಮಾಡ್ತಿದ್ದಾರೆ ಅಂತಲೂ ಅನ್ನಿಸ್ತು.

ಬೇರೆ ದಾರಿ ಇರಲಿಲ್ಲ, ಕೇಳಿಸಿಕೊಂಡೆ. ಬೆಳಿಗ್ಗೆ ಒಬ್ಬರು ಹಾಜರಿ ಕೂಗ್ತಾರೆ. ಒಬ್ಬೊಬ್ಬರೇ ಕಾಲ್‌ಸೈನ್ ಹೇಳಿ ಹಾಜರಿ ಹಾಕ್ತಾರೆ. ಮಳೆ ಬಂತಾ, ಆಂಟೆನಾ ಬಿತ್ತಾ, ಮೊಮ್ಮಗಳ ಜ್ವರ ಬಿಟ್ಟಿತಾ. ಕಾನೂನು ಹೇಳಿದ ಹಾಗೆ, ಮಹತ್ವ ಇಲ್ಲದ ಮಾತು. ಐದನೇ ದಿನ ಒಬ್ಬರ ಹೆಸರು ಕೂಗಿದಾಗ ಉತ್ತರ ಇಲ್ಲ. ಆರನೇ ದಿನವೂ ಇಲ್ಲ. ಹಾಜರಿ ಕೂಗುವವರು ನಿಧಾನವಾಗಿ ಕೇಳಿದರು: "ಅವರ ಮನೆ ಹತ್ತಿರ ಯಾರಿದ್ದೀರಿ?" ಸ್ವಲ್ಪ ಮೌನ. ಒಬ್ಬ ಹುಡುಗನ ದನಿ ಬಂತು, "ನಾನು ಹೋಗಿ ನೋಡ್ಕೊಂಡು ಬರ್ತೀನಿ." ಅರ್ಧ ಗಂಟೆ ಆದ ಮೇಲೆ ಅದೇ ದನಿ. ಒಂಟಿಯಾಗಿದ್ದ ಆ ಹಿರಿಯರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡು ಮಲಗಿದ್ದರಂತೆ. ಆಸ್ಪತ್ರೆಗೆ ಕರೆದುಕೊಂಡು ಹೋಗ್ತಿದ್ದೀವಿ ಅಂದ. ನಾನು ಚಹಾ ಕಪ್ ಹಿಡಿದುಕೊಂಡು ಹಾಗೇ ಕೂತಿದ್ದೆ. ಅವತ್ತು ಬೆಳಿಗ್ಗೆ ನನ್ನ ಚಾನೆಲ್ಲಿನಲ್ಲಿ ಯಾವ ಬ್ರೇಕಿಂಗ್ ನ್ಯೂಸ್ ಓಡ್ತಿತ್ತು ಅಂತ ನನಗೆ ಈಗ ನೆನಪಿಲ್ಲ.

ಹಾಜರಿ ತಪ್ಪಿದ ಆ ದನಿ ನನಗೆ 2004 ನೆನಪಿಸಿತು. ಡಿಸೆಂಬರ್ 26, ಭಾನುವಾರ. ಬೆಳಿಗ್ಗೆ 6 ಗಂಟೆ 29 ನಿಮಿಷದ ಹೊತ್ತಿಗೆ ಸುಮಾತ್ರಾ ಬಳಿ ಸಮುದ್ರದಡಿ ಭೂಮಿ ಬಿರಿಯಿತು, ತೀವ್ರತೆ 9.1. ನಾನಾಗ ಡೆಸ್ಕ್‌ನಲ್ಲಿದ್ದೆ. ಚೆನ್ನೈ ಸುದ್ದಿ ಬಂತು, ನಾಗಪಟ್ಟಣದ ಸುದ್ದಿ ಬಂತು. ಅಂಡಮಾನ್‌ನಿಂದ ಸುದ್ದಿಯೇ ಇಲ್ಲ. ಫೋನುಗಳು ಸತ್ತಿದ್ದವು. ಆದರೆ ಅಂಡಮಾನ್ ಮೂಕವಾಗಿರಲಿಲ್ಲ, ಕೇಳಿಸಿಕೊಳ್ಳೋದು ನಮಗೆ ಗೊತ್ತಿರಲಿಲ್ಲ ಅಷ್ಟೇ. ಅಲ್ಲಿ ಪೋರ್ಟ್ ಬ್ಲೇರ್‌ನ ಹೋಟೆಲೊಂದರಲ್ಲಿ ಭಾರತಿ ಪ್ರಸಾದ್ ಅನ್ನೋ ಹ್ಯಾಮ್ ತಮ್ಮ ತಂಡದ ಜೊತೆ ಇದ್ದರು. ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯವರು. 1987ರ ನಂತರ ಅಂಡಮಾನ್‌ನಿಂದ ಹ್ಯಾಮ್ ದನಿ ಕೇಳಿರಲೇ ಇಲ್ಲ. ಕಷ್ಟಪಟ್ಟು ಅನುಮತಿ ತಂದು, ಬರೀ ಹವ್ಯಾಸಕ್ಕೆ, ಪ್ರಪಂಚದ ಮೂಲೆಮೂಲೆಯ ಹ್ಯಾಮ್‌ಗಳ ಜೊತೆ ಮಾತಾಡೋಕೆ ಹೋಗಿದ್ದರು. ನೆಲ ನಡುಗಿದಾಗ ಅವರು ರೇಡಿಯೋ ಮುಂದೆಯೇ ಇದ್ದರು. ನಡುಕ ಅಂತ ಮೈಕಿನಲ್ಲಿ ಹೇಳಿ ಹೊರಗೆ ಓಡಿದರು. ಆಮೇಲೆ ಬಯಲಲ್ಲಿ ಸೆಟ್ಟು ಜೋಡಿಸಿಕೊಂಡು ಮತ್ತೆ ಕೂತರು.

ಅವರ ಬಳಿ ಬೆಟ್ಟದ ಮೇಲಿನ ರಿಪೀಟರ್ ಇರಲಿಲ್ಲ. ವಾತಾವರಣದ ಮೇಲಿನ ಪದರಕ್ಕೆ ತಾಗಿ ವಾಪಸ್ ಬರುವ ಶಾರ್ಟ್‌ವೇವ್. ಆದರೆ ಶಿಸ್ತು ಅದೇ. ಅಂಡಮಾನ್ ಸಿಕ್ಕರೆ ಸಾಕು ಅಂತ ಜಗತ್ತಿನ ಸಾವಿರಾರು ಜನ ದಿನಗಟ್ಟಲೆ ನುಗ್ಗಿ ಕರೀತಿದ್ದ ಫ್ರೀಕ್ವೆನ್ಸಿ ಅದು. ಈಗ ಅದರಲ್ಲಿ ಹಾದುಹೋಗಬೇಕಾಗಿದ್ದು ಯಾರು ಬದುಕಿದ್ದಾರೆ, ಎಲ್ಲಿದ್ದಾರೆ, ಏನು ಬೇಕು ಅನ್ನೋದು. ಭೂಮಿಯಾಚೆ ಕೂತ ಬಲವಾದ ದನಿಗಳು ಬಾಯಿ ಮುಚ್ಚಿಕೊಳ್ಳದಿದ್ದರೆ ಪೋರ್ಟ್ ಬ್ಲೇರ್‌ನ ಬ್ಯಾಟರಿ ದನಿ ಎಲ್ಲಿ ಕೇಳುತ್ತೆ? ಆ ತಂಡ ಜಿಲ್ಲಾಡಳಿತದ ಜೊತೆ ಸೇರಿತು. ಜೆಟ್ಟಿ, ವಾಯುನೆಲೆ ಎರಡೂ ಹಾಳಾಗಿದ್ದ ಕಾರ್ ನಿಕೋಬಾರ್‌ಗೂ ಹ್ಯಾಮ್‌ಗಳು ಹೋಗಿ ಸಂಪರ್ಕ ಕೊಟ್ಟರು. ದೂರದೂರಿನಲ್ಲಿ ಕಾಯುತ್ತಿದ್ದ ಮನೆಗಳಿಗೆ, ನಿಮ್ಮವರು ಕ್ಷೇಮ ಅನ್ನೋ ಒಂದೊಂದು ಸಾಲು ಹೀಗೆ ದನಿಯಿಂದ ದನಿಗೆ ದಾಟಿ ಹೋಯಿತು. 2001ರ ಭುಜ್ ಭೂಕಂಪದಲ್ಲೂ ಹ್ಯಾಮ್‌ಗಳು ಇದೇ ಕೆಲಸ ಮಾಡಿದ್ದರು.

ಇವತ್ತು ಈ ಸೆಟ್ಟುಗಳು ಆನ್‌ಲೈನ್‌ನಲ್ಲಿ ಆಟಿಕೆ ಥರ ಸಿಗ್ತಾವೆ. ಲೈಸೆನ್ಸ್ ಬೇಕು ಅನ್ನೋದನ್ನ ಹೇಳದೆ ಮಾರ್ತಿದ್ದೀರಿ ಅಂತ 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 13 ಮಾರಾಟ ತಾಣಗಳಿಗೆ ನೋಟಿಸ್ ಕೊಡ್ತು. ಸರಿಯಾದ ಕೆಲಸ. ರೇಡಿಯೋ ಅಗ್ಗವಾದಷ್ಟೂ ಕೇಳಿಸಿಕೊಳ್ಳೋ ಅಭ್ಯಾಸ ಅಗ್ಗವಾಗ್ತಿಲ್ಲ ಅನ್ನೋದು ಹಿರಿಯರ ಕೊರಗು.

ಒಂಬತ್ತನೇ ದಿನ ನಾಚಿಕೆ ಬಿಟ್ಟು ಅವರಿಗೆ ಫೋನ್ ಮಾಡಿದೆ. "ಟೋನ್ ಹಾಕಿದ್ದೀರಾ?" ಅಂದರು. ಯಾವ ಟೋನ್? ಬೇಡದ ಸದ್ದಿಗೆಲ್ಲ ಯಂತ್ರ ಎಚ್ಚರಗೊಳ್ಳದೆ ಇರಲಿ ಅಂತ ಮಾತಿನ ಜೊತೆ ಸಣ್ಣದೊಂದು ಗುಂಯ್‌ಗುಟ್ಟುವ ಸ್ವರ ಕಳಿಸಬೇಕಂತೆ, ಮಂದ್ರದಲ್ಲಿ. ಸಾಫ್ಟ್‌ವೇರಿನಲ್ಲಿ ಅದಕ್ಕೊಂದು ಪುಟ್ಟ ಕಾಲಮ್ಮು. ನಾನು ಖಾಲಿ ಬಿಟ್ಟಿದ್ದೆ. ಅಂದ್ರೆ ಒಂಬತ್ತು ದಿನ ಬೀಗ ಹಾಕಿದ ಬಾಗಿಲ ಮುಂದೆ ನಿಂತು ಭಾಷಣ ಮಾಡಿದ್ದೆ.

ಟೋನ್ ಹಾಕಿದೆ. ಮರುದಿನ ನನ್ನ ಮೊದಲ ಮಾತು. ಕಾಲ್‌ಸೈನ್ ಹೇಳಿದೆ, ನಮಸ್ಕಾರ ಹೇಳಿದೆ, ನನ್ನ ಪರಿಚಯ, ನನ್ನ ಅನುಭವ, ಅಂಡಮಾನ್ ಬಗ್ಗೆ ನಾಲ್ಕು ಮಾತು... ಚೆನ್ನಾಗೇ ಹರೀತಿತ್ತು. ಬಟನ್ ಬಿಟ್ಟಾಗ ಯಾರೋ ನಗ್ತಿದ್ದರು. ಮೂರು ನಿಮಿಷ ದಾಟಿದರೆ ಯಂತ್ರವೇ ಮಾತು ಕತ್ತರಿಸೋ ಟೈಮರ್ ಅದರಲ್ಲಿದೆ. ನನ್ನ ಅಂಡಮಾನ್ ಯಾರಿಗೂ ತಲುಪಿರಲಿಲ್ಲ.

"ಬಟನ್ ಬಿಡಿ, ಒಂದು ಸೆಕೆಂಡ್ ತಡೀರಿ ಸ್ವಾಮಿ," ಅಂದರು ಹಿರಿಯರು. ತಡೆದೆ. ಸೆಟ್ಟಿನಲ್ಲಿ ಸಣ್ಣದೊಂದು ಬೀಪ್, ಆಮೇಲೆ ಏನೂ ಇಲ್ಲ. ಎಲ್ಲರೂ ಕಾಯ್ತಿದ್ದಾರೆ ಅನ್ನೋದು ಗೊತ್ತಾಗ್ತಿತ್ತು. ಆ ಖಾಲಿ ಜಾಗಕ್ಕೆ ಯಾರೂ ಬರಲಿಲ್ಲ.

"ಹ್ಞೂಂ, ಈಗ ಹೇಳಿ," ಅಂದರು. "ಕೇಳಿಸ್ಕೊಳ್ತಿದ್ದೀವಿ."