ತೇಲುಬಲೆಯ ದುಡಿಮೆ ಮತ್ತು ಪಾಚಿಯ ವಿಷ: ಸೆನೆಗಲ್‌ನ ಮೀನುಗಾರರ ಚರ್ಮವ್ಯಾಧಿ

ಕಡಲಪಾಚಿಯ ವಿಷಗಳನ್ನು ಕುರಿತ ವೈದ್ಯಕೀಯ ವಿಚಾರ ಬಹುಕಾಲ ಆಹಾರದ ಸುತ್ತಲೇ ಬೆಳೆದಿದೆ. ನೀರನ್ನು ಸೋಸಿ ಬದುಕುವ ಮರುವಾಯಿ, ಕಪ್ಪೆಚಿಪ್ಪುಗಳ ಮೈಯಲ್ಲಿ ವಿಷ ಶೇಖರವಾಗಿ, ಅವನ್ನು ತಿಂದವರು ಕಾಯಿಲೆ ಬೀಳುವ ಬಗೆಯನ್ನು ವಿದ್ವಾಂಸರು ವಿವರವಾಗಿ ನಿರೂಪಿಸಿದ್ದಾರೆ. ಚರ್ಮಕ್ಕೆ ತಗಲುವ ವಿಷದ ಚರ್ಚೆಯಾದರೋ ಹೆಚ್ಚಾಗಿ ಈಜುಗಾರರಿಗೆ ಸಂಬಂಧಿಸಿದ್ದು; 1958ರಲ್ಲಿ ಹವಾಯಿಯ ಓಆಹು ದ್ವೀಪದಲ್ಲಿ ಸಮುದ್ರಸ್ನಾನ ಮಾಡಿದವರ ಮೈಮೇಲೆ ಎದ್ದ ಉರಿಬೊಬ್ಬೆಗಳಿಗೆ ಲಿಂಗ್ಬಿಯಾ ಎಂಬ ಎಳೆಎಳೆಯಾದ ನೀಲಿಹಸಿರು ಪಾಚಿ ಕಾರಣವೆಂದು ಗುರುತಿಸಲಾದುದು ಇದಕ್ಕೆ ಪ್ರಸಿದ್ಧ ನಿದರ್ಶನ. ದಿನವಿಡೀ ಉಪ್ಪುನೀರಿನಲ್ಲಿ ತೊಯ್ದ ಹಗ್ಗ, ಬಲೆಗಳನ್ನು ಬರಿಗೈಯಲ್ಲಿ ಎಳೆಯುವ ಕಿರು ಮೀನುಗಾರ ಈ ಎರಡು ಚರ್ಚೆಗಳಲ್ಲಿಯೂ ಕಾಣಿಸಿಕೊಂಡದ್ದು ಕಡಿಮೆ.

ಈ ಕೊರತೆಯನ್ನು ಸೆನೆಗಲ್‌ನ ಪ್ರಕರಣ ಎದ್ದು ತೋರಿಸಿತು. 2020ರ ನವೆಂಬರ್‌ನಲ್ಲಿ ರಾಜಧಾನಿ ಡಾಕರ್‌ಗೆ ಹತ್ತಿರದ ತಿಯರೋಯ್ ಮುಂತಾದ ಮೀನುಗಾರರ ನೆಲೆಗಳಲ್ಲಿ, ಕಡಲಿನಿಂದ ಮರಳಿದ 500ಕ್ಕೂ ಹೆಚ್ಚು ಮಂದಿಯ ಮುಖ, ಕೈಕಾಲು, ಕೆಲವರ ಜನನಾಂಗಗಳ ಮೇಲೆ ಗುಳ್ಳೆಗಳೆದ್ದವು. ಜೊತೆಗೆ ತಲೆನೋವು, ಸಣ್ಣ ಜ್ವರ ಕಾಣಿಸಿಕೊಂಡಿತು. ರೋಗಿಗಳನ್ನು ಪ್ರತ್ಯೇಕವಾಗಿರಿಸಿ ಚಿಕಿತ್ಸೆ ನೀಡಲಾಯಿತು, ಸುದ್ದಿಪತ್ರಿಕೆಗಳು ಇದನ್ನು ‘ನಿಗೂಢ ಕಾಯಿಲೆ’ ಎಂದು ಕರೆದವು. 2021ನ್ನೂ ಸೇರಿಸಿದರೆ ಪೀಡಿತರ ಸಂಖ್ಯೆ ಸಾವಿರವನ್ನು ಮೀರಿತು. ಪೀಡಿತರನ್ನು ಒಂದುಗೂಡಿಸುವ ಅಂಶ ತೇಲುಬಲೆಯ ಮೀನುಗಾರಿಕೆ, ಅಂದರೆ ನೀರಿನ ಸೆಳೆತಕ್ಕೆ ಬಲೆಯನ್ನು ತೇಲಬಿಟ್ಟು ಬಳಿಕ ಎಳೆದುಕೊಳ್ಳುವ ದುಡಿಮೆ ಎಂಬುದು ಗಮನಾರ್ಹ.

ಪರಿಸರದ ಮಾದರಿಗಳನ್ನು ಆಳವಾಗಿ ವಿಶ್ಲೇಷಿಸಿದ ಸಂಶೋಧಕರು ವಲ್ಕನೋಡಿನಿಯಂ ರುಗೋಸಂ ಎಂಬ ಡೈನೋಫ್ಲಾಜೆಲೇಟನ್ನು, ಅಂದರೆ ಕಶಾಂಗಗಳೆಂಬ ಎರಡು ಚಾವಟಿಯಂಥ ಎಳೆಗಳನ್ನುಳ್ಳ ಏಕಕೋಶ ಸೂಕ್ಷ್ಮಪಾಚಿಯನ್ನು, ಅದರ ವಿಷಗಳೊಂದಿಗೆ ಪತ್ತೆಹಚ್ಚಿದರು. ಫ್ರಾನ್ಸಿನ ಮೆಡಿಟರೇನಿಯನ್ ತೀರದ ಹಿನ್ನೀರಿನಿಂದ ದೊರೆತ ಈ ಜೀವಿಗೆ ಹೆಸರು ಬಂದದ್ದೇ 2011ರಲ್ಲಿ. ಮಾದರಿಗಳಲ್ಲಿ ಹೇರಳವಾಗಿದ್ದ ಪೋರ್ಟಿಮೈನ್-ಎ ಎಂಬ ವಿಷ ಹೊರಚರ್ಮದ ಜೀವಕೋಶಗಳೊಳಗೆ ಪ್ರೋಟೀನು ತಯಾರಿಸುವ ರೈಬೋಸೋಮ್‌ಗಳ ಕೆಲಸಕ್ಕೆ ಅಡ್ಡಿಯಾಗುತ್ತದೆ. ಆ ಅಡ್ಡಿಯನ್ನು ಗ್ರಹಿಸುವ ಝಾಕ್-ಆಲ್ಫಾ ಎಂಬ ಕಿಣ್ವ ಎಚ್ಚೆತ್ತು ಎನ್‌ಎಲ್‌ಆರ್‌ಪಿ1 ಎಂಬ ಪ್ರೋಟೀನನ್ನು ಪ್ರಚೋದಿಸುತ್ತದೆ. ಅದರಿಂದ ಉರಿಯೂತದ ಸಂಕೇತದ್ರವ್ಯಗಳು ಹೊರಬಿದ್ದು ಜೀವಕೋಶ ಸಾಯುತ್ತದೆ. ದೇಹವನ್ನು ಕಾಯಬೇಕಾದ ವ್ಯವಸ್ಥೆಯೇ ಇಲ್ಲಿ ಚರ್ಮದ ಕೊಳೆತಕ್ಕೆ ದಾರಿಯಾಗುತ್ತದೆಯೆಂಬುದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಮಾನವ ಚರ್ಮ ಹಾಗೂ ಜೀಬ್ರಾಮೀನುಗಳ ಮೇಲಿನ ಪ್ರಯೋಗಗಳು ತೋರಿಸಿವೆ.

2025ರಲ್ಲಿ ಪ್ರಕಟವಾದ ಈ ಫಲಿತಾಂಶ ಔಷಧ ಸಂಶೋಧನೆಗೆ ನಿಶ್ಚಿತ ಗುರಿಯನ್ನು ಒದಗಿಸಿದೆ. ಆದರೆ ಕಾಯಿಲೆಗೂ ಕಾರಣದ ವಿವರಣೆಗೂ ನಡುವೆ ವರ್ಷಗಳೇ ಉರುಳಿದವೆಂಬುದು ಲಘುವಾಗಿ ಕಾಣತಕ್ಕ ಸಂಗತಿಯಲ್ಲ. ಕೆಲಸಕ್ಕೆ ಇಳಿಯದಿದ್ದರೆ ಅಂದಿನ ಕೂಳಿಲ್ಲದ ಮನೆಗಳಲ್ಲಿ ಕೈಯ ಚರ್ಮ ಸುಲಿಯುವುದೆಂದರೆ ಬದುಕೇ ನಿಂತಂತೆ. ಕ್ಯೂಬಾದ ಸಿಯೆನ್ಫುವೆಗೋಸ್ ಕೊಲ್ಲಿಯಲ್ಲಿ 2015ರಲ್ಲಿ ಸ್ನಾನಕ್ಕಿಳಿದವರ ಚರ್ಮರೋಗಕ್ಕೂ ಇದೇ ಸೂಕ್ಷ್ಮಪಾಚಿಯ ನಂಟು ಕಂಡುಬಂದಿರುವುದರಿಂದ, ಸಮಸ್ಯೆ ಒಂದು ತೀರಕ್ಕೆ ಸೀಮಿತವಾದುದಲ್ಲ. ಪಾಚಿವಿಷದ ಚರ್ಮವ್ಯಾಧಿಯನ್ನು ಮೀನುಗಾರರ ವೃತ್ತಿರೋಗವೆಂದು ಅಂಗೀಕರಿಸಬೇಕು. ಮೀನು ಇಳಿಸುವ ದಕ್ಕೆಗಳಲ್ಲಿಯೇ ನೀರು ಮತ್ತು ಬಲೆಯ ಮಾದರಿಗಳನ್ನು ಸಂಗ್ರಹಿಸುವ ಏರ್ಪಾಡು ಆಗಬೇಕು.